ಅಂತರಜಾಲ ವಿಳಾಸ

ಅಂತರಜಾಲಕ್ಕೆ ಸೇರಿಕೊಂಡ ಪ್ರತಿಯೊಂದು ಸಂಪರ್ಕಕ್ಕೂ ಒಂದು ಸಂಖ್ಯೆ ಇರುತ್ತದೆ. ಅದೇ ಅಂತರಜಾಲ ವಿಳಾಸ; ಆಡುಮಾತಿನಲ್ಲಿ ಐಪಿ ಅಡ್ರೆಸ್. ಫೋನು, ಲ್ಯಾಪ್‌ಟಾಪು, ಟಿವಿ, ಸಿಸಿಟಿವಿ ಕ್ಯಾಮೆರಾ ಯಾವುದೇ ಆಗಲಿ, ಇನ್ನೊಂದು ಸಾಧನಕ್ಕೆ ಏನನ್ನಾದರೂ ಕಳಿಸುವಾಗ ಅದನ್ನು ಸಣ್ಣ ಸಣ್ಣ ಪೊಟ್ಟಣಗಳಾಗಿ ಒಡೆಯುತ್ತದೆ. ಸಾಮಾನ್ಯವಾಗಿ ಒಂದು ಪೊಟ್ಟಣ 1,500 ಬೈಟ್ ಮೀರುವುದಿಲ್ಲ. ಪ್ರತಿ ಪೊಟ್ಟಣದ ತಲೆಯಲ್ಲೂ ಎರಡು ವಿಳಾಸ ಬರೆದಿರುತ್ತದೆ: ಎಲ್ಲಿಗೆ ಹೋಗಬೇಕು, ಎಲ್ಲಿಂದ ಹೊರಟಿತು. ಎರಡನೆಯದು ಇಲ್ಲದಿದ್ದರೆ ಉತ್ತರ ಮರಳಿ ಬರುವ ದಾರಿಯೇ ಇರುವುದಿಲ್ಲ.

ಈ ಸಂಖ್ಯೆ ಆ ಹೊತ್ತಿನ ಸಂಪರ್ಕಕ್ಕೆ ಸೇರಿದ್ದು. ಅದು ಸಾಧನದ ಶಾಶ್ವತ ಗುರುತಲ್ಲ, ಸಾಧನ ಹಿಡಿದವರ ಗುರುತಂತೂ ಅಲ್ಲ. ಒಂದೇ ಫೋನಿಗೆ ಬೆಳಿಗ್ಗೆ ಮನೆಯ ವೈಫೈನಲ್ಲಿ ಒಂದು ವಿಳಾಸ, ಬೀದಿಗಿಳಿದು ಮೊಬೈಲ್ ಡೇಟಾ ಹಾಕಿದ ಕೂಡಲೇ ಇನ್ನೊಂದು. ಈ ಸರಳ ಸಂಗತಿಯನ್ನು ಮರೆತಾಗ ಎಷ್ಟು ದೊಡ್ಡ ಅನ್ಯಾಯ ಆಗಬಹುದು ಎಂಬುದಕ್ಕೆ ಬೆಂಗಳೂರಿನದೇ ಒಂದು ಪ್ರಕರಣ ಇದೆ. ಅದು ಮುಂದೆ ಬರುತ್ತದೆ.

ಬಸವನಗುಡಿಯ ಗಾಂಧಿ ಬಜಾರಿನಲ್ಲಿ ಎರಡು ಮೊಳ ಮಲ್ಲಿಗೆ ಕೊಂಡವರು ಬುಟ್ಟಿಯ ಪಕ್ಕದ ಕ್ಯೂಆರ್ ಕೋಡನ್ನು ಸ್ಕ್ಯಾನ್ ಮಾಡುತ್ತಾರೆ. ಕೆಲವು ಕ್ಷಣಗಳಲ್ಲಿ ಸೌಂಡ್ ಬಾಕ್ಸು ಇಷ್ಟು ರೂಪಾಯಿ ಬಂತೆಂದು ಕನ್ನಡದಲ್ಲಿ ಹೇಳುತ್ತದೆ. ಫೋನು ಮತ್ತು ಬಾಕ್ಸಿನ ನಡುವೆ ಒಂದು ಮಾರಿನಷ್ಟು ದೂರವೂ ಇಲ್ಲ, ಆದರೆ ಅವೆರಡೂ ಒಂದರೊಡನೊಂದು ಮಾತಾಡಿಲ್ಲ. ಆ ಸುದ್ದಿ ಹಲವು ನಗರಗಳ ಯಂತ್ರಗಳನ್ನು ಹಾದು ಬಂದಿದೆ. ಇಂದು ಬಳಕೆಯಲ್ಲಿರುವ ಎಲ್ಲ ಬಗೆಯ ವಿಳಾಸಗಳೂ ಆ ದಾರಿಯಲ್ಲಿ ಸಿಗುತ್ತವೆ. ಹಾಗಾಗಿ ಈ ವಿಷಯಕ್ಕೆ ಗಾಂಧಿ ಬಜಾರ್ ಒಳ್ಳೆಯ ನೆಲೆ.

ಸಂಖ್ಯೆಯ ರಚನೆ

ವಿಳಾಸದ ನಾಲ್ಕನೇ ಆವೃತ್ತಿಯಾದ ಐಪಿವಿ4 ನಿರೂಪಿತವಾದದ್ದು 1981ರ ಸೆಪ್ಟೆಂಬರಿನ ಒಂದು ದಾಖಲೆಯಲ್ಲಿ. ಅದರ ಸಂಪಾದಕರು ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜಾನ್ ಪೋಸ್ಟೆಲ್. ಅಮೆರಿಕದ ಅರ್ಪಾನೆಟ್ ಜಾಲ 1983ರ ಜನವರಿ 1ರಂದು ಹಳೆಯ ಪದ್ಧತಿ ಬಿಟ್ಟು ಇದಕ್ಕೆ ಬದಲಾಯಿತು. ವಿಳಾಸದ ಉದ್ದ 32 ಬಿಟ್, ಅಂದರೆ ಸೊನ್ನೆ ಮತ್ತು ಒಂದುಗಳ 32 ಮನೆಗಳ ಸಾಲು. ಮನುಷ್ಯರಿಗೆ ಅದನ್ನು ಓದುವುದು ಕಷ್ಟವಾದ್ದರಿಂದ ಎಂಟೆಂಟು ಬಿಟ್‌ಗಳ ನಾಲ್ಕು ಭಾಗ ಮಾಡಿ, ಒಂದೊಂದನ್ನೂ ದಶಮಾನದಲ್ಲಿ ಬರೆದು, ನಡುವೆ ಚುಕ್ಕೆ ಇಡುತ್ತಾರೆ. ನಮಗೆ 192.168.1.5 ಎಂದು ಕಾಣುವುದು ಯಂತ್ರಕ್ಕೆ 11000000 10101000 00000001 00000101. ಎಂಟು ಬಿಟ್‌ಗಳಲ್ಲಿ ಬರೆಯಬಹುದಾದ ಅತಿ ದೊಡ್ಡ ಸಂಖ್ಯೆ 255. ಯಾವ ಭಾಗವೂ ಅದನ್ನು ಮೀರುವುದಿಲ್ಲ.

ವಿಳಾಸದ ಮೊದಲ ಭಾಗ ಜಾಲವನ್ನು, ಉಳಿದ ಭಾಗ ಆ ಜಾಲದೊಳಗಿನ ಸಂಪರ್ಕವನ್ನು ಸೂಚಿಸುತ್ತದೆ. ಇದನ್ನು ತಿಳಿಯಲು ಪಿನ್‌ಕೋಡ್ ನೆರವಾಗುತ್ತದೆ. ಗಾಂಧಿ ಬಜಾರಿಗೆ ಬರುವ ಕಾಗದದ ಮೇಲೆ 560004 ಎಂದು ಇರುತ್ತದೆ. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಈ ಪದ್ಧತಿಯಲ್ಲಿ ಮೊದಲ 5 ದಕ್ಷಿಣದ ಒಂದು ವಲಯ, 56 ಎಂಬುದು ಕರ್ನಾಟಕದ ಒಂದು ಪಾಲು, 560 ಬೆಂಗಳೂರು, ಕೊನೆಯ ಮೂರಂಕಿ ಬಸವನಗುಡಿಯ ಅಂಚೆ ಕಚೇರಿ. ಗುವಾಹಟಿಯಲ್ಲಿ ಕಾಗದ ವಿಂಗಡಿಸುವವರಿಗೆ ಗಾಂಧಿ ಬಜಾರ್ ಎಲ್ಲಿದೆಯೆಂದು ಗೊತ್ತಿರಬೇಕಿಲ್ಲ. ಮೊದಲ ಅಂಕಿಗಳನ್ನು ನೋಡಿ ಸರಿಯಾದ ಚೀಲಕ್ಕೆ ಹಾಕಿದರೆ ಸಾಕು. ಬೆಂಗಳೂರು ಮುಟ್ಟಿದ ಮೇಲೆ ಉಳಿದ ಅಂಕಿಗಳ ಕೆಲಸ. ಜಾಲದ ದಾರಿ ತೋರುವ ಯಂತ್ರವಾದ ರೂಟರ್ ಮಾಡುವುದೂ ಇದನ್ನೇ. ಜಗತ್ತಿನ ಎಲ್ಲ ವಿಳಾಸಗಳ ಪಟ್ಟಿ ಯಾವ ರೂಟರಿನಲ್ಲೂ ಇಲ್ಲ. ದೊಡ್ಡ ರೂಟರುಗಳಲ್ಲಿ ಐಪಿವಿ4ರ ಸುಮಾರು ಹತ್ತು ಲಕ್ಷ ಮುನ್ನೆಲೆಗಳ, ಅಂದರೆ ಜಾಲವನ್ನು ಸೂಚಿಸುವ ಮೊದಲ ಭಾಗಗಳ, ಪಟ್ಟಿ ಇರುತ್ತದೆ: ಇಂಥ ಬಿಟ್‌ಗಳಿಂದ ಶುರುವಾಗುವ ವಿಳಾಸವಾದರೆ ಇತ್ತ ಕಡೆ ಕಳಿಸು, ಎಂದು. ಎರಡು ಮುನ್ನೆಲೆಗಳು ಹೊಂದಿದರೆ ಹೆಚ್ಚು ಉದ್ದದ್ದೇ ಗೆಲ್ಲುತ್ತದೆ. ಪಟ್ಟಿಯನ್ನು ರೂಟರುಗಳು ಒಂದಕ್ಕೊಂದು ಹೇಳಿಕೊಂಡು ಸದಾ ತಿದ್ದುತ್ತಿರುತ್ತವೆ.

ಆದರೆ ಪಿನ್‌ಕೋಡ್ ನೆಲಕ್ಕೆ ಅಂಟಿಕೊಂಡದ್ದು, ಐಪಿ ಮುನ್ನೆಲೆ ಸಂಸ್ಥೆಗೆ ಅಂಟಿಕೊಂಡದ್ದು. ಗಾಂಧಿ ಬಜಾರಿನ ಅಕ್ಕಪಕ್ಕದ ಎರಡು ಅಂಗಡಿಗಳು ಬೇರೆ ಬೇರೆ ಕಂಪನಿಗಳ ಇಂಟರ್‌ನೆಟ್ ತೆಗೆದುಕೊಂಡಿದ್ದರೆ ಅವುಗಳ ವಿಳಾಸಗಳಿಗೆ ಯಾವ ಸಂಬಂಧವೂ ಇರುವುದಿಲ್ಲ. ಬದಲಿಗೆ ಬಸವನಗುಡಿಯ ಅಂಗಡಿಗೂ ಬೀದರಿನ ಮನೆಗೂ ಒಂದೇ ಮುನ್ನೆಲೆ ಇರಬಹುದು. ಬಸವನಗುಡಿಯಲ್ಲಿ ಕೂತವರಿಗೆ ಕೆಲವು ಜಾಲತಾಣಗಳು ಮುಂಬಯಿಯ ಹವಾಮಾನ ತೋರಿಸುವುದು, ತಮಿಳು ಜಾಹೀರಾತು ಹಾಕುವುದು ಇದರಿಂದಲೇ. ಆ ತಾಣಗಳು ವಿಳಾಸದಿಂದ ಊರನ್ನು ಊಹಿಸುತ್ತವೆ. ಕಂಪನಿಯ ಹೆಬ್ಬಾಗಿಲು ಯಾವ ನಗರದಲ್ಲಿದೆಯೋ ಆ ನಗರದ ಹೆಸರು ಸಿಗುತ್ತದೆ.

ಸಾಧನಕ್ಕೆ ವಿಳಾಸ ಸಿಗುವ ಬಗೆ

ಹೊಸದಾಗಿ ವೈಫೈಗೆ ಸೇರಿದ ಫೋನಿಗೆ ತನ್ನ ವಿಳಾಸ ಗೊತ್ತಿರುವುದಿಲ್ಲ, ಅಲ್ಲಿ ಯಾರು ಇದ್ದಾರೆಂಬುದೂ ಗೊತ್ತಿರುವುದಿಲ್ಲ. ಅದು ಇಡೀ ಜಾಲಕ್ಕೆ ಕೇಳುವಂತೆ ವಿಳಾಸ ಕೊಡುವವರು ಯಾರಾದರೂ ಇದ್ದೀರಾ ಎಂದು ಕೇಳುತ್ತದೆ. ಮನೆಯ ರೂಟರು ಒಂದು ಸಂಖ್ಯೆಯನ್ನು ಮುಂದಿಡುತ್ತದೆ. ಫೋನು ಅದನ್ನೇ ಕೊಡಿ ಎನ್ನುತ್ತದೆ, ರೂಟರು ಒಪ್ಪುತ್ತದೆ. ನಾಲ್ಕು ಮಾತಿನ ಈ ವ್ಯವಹಾರಕ್ಕೆ ಡಿಎಚ್‌ಸಿಪಿ ಎಂದು ಹೆಸರು, 1993ರಲ್ಲಿ ರೂಪುಗೊಂಡಿತು. ಕೊಟ್ಟ ಸಂಖ್ಯೆಗೆ ಅವಧಿ ಇರುತ್ತದೆ. ಅವಧಿಯ ಅರ್ಧ ಕಳೆಯುತ್ತಿದ್ದಂತೆ ಫೋನು ತಾನೇ ನವೀಕರಣ ಕೇಳುತ್ತದೆ. ಕೇಳದೆ ಹೊರಟುಹೋದರೆ ಅವಧಿ ಮುಗಿದ ಮೇಲೆ ಆ ಸಂಖ್ಯೆ ಇನ್ನೊಬ್ಬರಿಗೆ ಸಿಗುತ್ತದೆ. ಸಂಖ್ಯೆಯ ಜೊತೆಗೆ ಇನ್ನೂ ಮೂರು ಸಂಗತಿ ಬರುತ್ತವೆ: ಈ ಜಾಲ ಎಲ್ಲಿಯವರೆಗೆ, ಹೊರಗೆ ಹೋಗುವ ಬಾಗಿಲು ಯಾವುದು, ಹೆಸರು ಕೇಳಿದರೆ ಸಂಖ್ಯೆ ಹೇಳುವವರು ಯಾರು.

ಎರಡನೆಯದಾದ ಬಾಗಿಲು, ಗೇಟ್‌ವೇ, ಬಹಳ ಮುಖ್ಯ. ಫೋನು ಪೊಟ್ಟಣ ಕಳಿಸುವ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತದೆ: ಹೋಗಬೇಕಾದ ವಿಳಾಸ ನನ್ನ ಜಾಲದೊಳಗೇ ಇದೆಯೇ? ಮನೆಯದೇ ಪ್ರಿಂಟರಾದರೆ ನೇರವಾಗಿ ಕೊಡುತ್ತದೆ. ಬೇರೆ ಎಲ್ಲಿಗಾದರೂ ಸರಿ, ಮಲ್ಲೇಶ್ವರಕ್ಕೋ ಮೆಲ್ಬರ್ನಿಗೋ, ಬಾಗಿಲಿಗೆ ಒಪ್ಪಿಸಿಬಿಡುತ್ತದೆ. ಮುಂದಿನ ದಾರಿಯ ಚಿಂತೆ ಅದಕ್ಕಿಲ್ಲ.

ಪಕ್ಕದ ಯಂತ್ರಕ್ಕೆ ಕೈದಾಟಿಸಲು ಇನ್ನೊಂದು ಸಂಖ್ಯೆ ಬೇಕು. ವೈಫೈ, ಈಥರ್‌ನೆಟ್ ಚಿಪ್ಪುಗಳಿಗೆ ಕಾರ್ಖಾನೆಯಲ್ಲೇ ಕೊಡುವ 48 ಬಿಟ್‌ಗಳ ಮ್ಯಾಕ್ ವಿಳಾಸ ಅದು. ಐಪಿ ವಿಳಾಸ ಪ್ರಯಾಣದ ಉದ್ದಕ್ಕೂ ಕೆಲಸ ಮಾಡಿದರೆ, ಮ್ಯಾಕ್ ವಿಳಾಸ ಒಂದು ಹೆಜ್ಜೆಗೆ ಮಾತ್ರ. ಮುಂದಿನ ರೂಟರು ಮುಟ್ಟಿದೊಡನೆ ಅದನ್ನು ಅಳಿಸಿ ಹೊಸದನ್ನು ಬರೆಯಲಾಗುತ್ತದೆ. ಕಾರ್ಖಾನೆಯ ಸಂಖ್ಯೆ ಎಂದೂ ಬದಲಾಗದ ಕಾರಣ ಅದನ್ನು ಹಿಡಿದು ಜನರ ಓಡಾಟ ಗಮನಿಸುವುದು ಸುಲಭವಾಗಿತ್ತು. 2019ರ ಆಂಡ್ರಾಯ್ಡ್ 10, 2020ರ ಐಒಎಸ್ 14ರಿಂದ ಫೋನುಗಳು ಒಂದೊಂದು ವೈಫೈಗೆ ಒಂದೊಂದು ಸುಳ್ಳು ಮ್ಯಾಕ್ ಸಂಖ್ಯೆ ಹೇಳುತ್ತವೆ.

ಮೊಬೈಲ್ ಡೇಟಾದಲ್ಲಿ ವಿಳಾಸ ಕೊಡುವುದು ಟವರಲ್ಲ, ಅದರ ಹಿಂದೆ ಎಲ್ಲೋ ಇರುವ ಕಂಪನಿಯ ಹೆಬ್ಬಾಗಿಲು. ಗಾಂಧಿ ಬಜಾರಿನಲ್ಲಿ ಶುರುವಾದ ಫೋನ್ ಮಾತು ಚಾಮರಾಜಪೇಟೆ ದಾಟಿ ಮಲ್ಲೇಶ್ವರದವರೆಗೆ ತುಂಡಾಗದೆ ಸಾಗುವುದು ಅದಕ್ಕೇ. ಟವರುಗಳು ಬದಲಾಗುತ್ತವೆ, ವಿಳಾಸ ಬದಲಾಗುವುದಿಲ್ಲ. ಕಾರ್ತಿಕ ಮಾಸದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆಗೆ ಜನ ಸೇರಿದಾಗ ನೆಟ್ ನಿಧಾನವಾದರೆ ವಿಳಾಸಗಳು ಮುಗಿದುಹೋಗಿವೆ ಎಂದಲ್ಲ; ಅಲ್ಲಿ ಸಾಲದೆ ಹೋಗುವುದು ಟವರಿನ ರೇಡಿಯೋ ಅಲೆಗಳ ಸಾಮರ್ಥ್ಯ.

ಕೊರತೆ ಮತ್ತು ಹಂಚಿಕೆ

32 ಬಿಟ್‌ಗಳಲ್ಲಿ ಆಗುವ ವಿಳಾಸಗಳು 429 ಕೋಟಿ 49 ಲಕ್ಷ 67 ಸಾವಿರದ 296. ಜಾಲವೇ ಒಂದು ಪ್ರಯೋಗವಾಗಿದ್ದ ದಿನಗಳಲ್ಲಿ ಇದು ಮುಗಿಯದ ಸಂಖ್ಯೆ ಎನಿಸಿತ್ತು, ಹಂಚಿದ್ದೂ ಹಾಗೆಯೇ. ಅಮೆರಿಕದ ಎಂಐಟಿ ಎಂಬ ಒಂದು ವಿದ್ಯಾಸಂಸ್ಥೆಗೆ 18ರಿಂದ ಶುರುವಾಗುವ ಎಲ್ಲ ವಿಳಾಸಗಳೂ ಸಿಕ್ಕವು: 1,67,77,216. ಆಪಲ್ ಕಂಪನಿಗೆ 17ರಿಂದ ಶುರುವಾಗುವ ಅಷ್ಟೇ ದೊಡ್ಡ ಪಾಲು. ಇಂದು 95 ಕೋಟಿಗೂ ಹೆಚ್ಚು ಇಂಟರ್‌ನೆಟ್ ಚಂದಾದಾರರಿರುವ ಭಾರತಕ್ಕೆ ಒಟ್ಟು ಇರುವುದು ನಾಲ್ಕು ಕೋಟಿಯ ಆಸುಪಾಸು. ಅಂದರೆ ಇಡೀ ದೇಶದ ಪಾಲು ಒಂದು ವಿದ್ಯಾಸಂಸ್ಥೆಗೆ ಒಮ್ಮೆ ಸಿಕ್ಕಿದ್ದರ ಎರಡೂವರೆ ಪಟ್ಟು ಮಾತ್ರ. ಯಾರೂ ಕೇಡು ಬಗೆದು ಹೀಗೆ ಮಾಡಲಿಲ್ಲ; ಮೊದಲು ಬಂದವರಿಗೆ ಮೊದಲು ಕೊಟ್ಟರು. ಆದರೂ ಇದು ಅಸಮ ಹಂಚಿಕೆಯೇ, ಮತ್ತು ತಡವಾಗಿ ಜಾಲಕ್ಕೆ ಬಂದ ದೇಶಗಳು ಇಂದಿಗೂ ಅದರ ಬೆಲೆ ತೆರುತ್ತಿವೆ. ಆ ಬೆಲೆ ಅಕ್ಷರಶಃ ಹಣದಲ್ಲೇ ಇದೆ. 2011ರಲ್ಲಿ ಮೈಕ್ರೋಸಾಫ್ಟ್ ದಿವಾಳಿಯಾದ ನಾರ್ಟೆಲ್ ಕಂಪನಿಯಿಂದ 6,66,624 ವಿಳಾಸಗಳನ್ನು 75 ಲಕ್ಷ ಡಾಲರಿಗೆ ಕೊಂಡಿತು. 2017ರಲ್ಲಿ ಎಂಐಟಿ ತನ್ನ ಪಾಲಿನಲ್ಲಿ ಸುಮಾರು ಅರ್ಧವನ್ನು ಮಾರಿತು.

ಜಾಗತಿಕ ಉಗ್ರಾಣ ಬರಿದಾದದ್ದು 2011ರ ಫೆಬ್ರವರಿ 3ರಂದು. ಅಂದು ಉಳಿದಿದ್ದ ಐದು ದೊಡ್ಡ ಕಟ್ಟುಗಳನ್ನು ಐದು ಪ್ರಾದೇಶಿಕ ಸಂಸ್ಥೆಗಳಿಗೆ ಒಂದೊಂದರಂತೆ ಹಂಚಲಾಯಿತು. ನಮ್ಮ ಭಾಗಕ್ಕೆ ಸೇರಿದ್ದು ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿರುವ ಎಪಿನಿಕ್. ಎರಡೂವರೆ ತಿಂಗಳಲ್ಲಿ, ಅದೇ ಏಪ್ರಿಲ್ 15ರಂದು, ಅದು ಕೊನೆಯ ಕಟ್ಟನ್ನು ಬಿಚ್ಚಿ ಪಡಿತರದ ಲೆಕ್ಕದಲ್ಲಿ ಕೊಡತೊಡಗಿತು. ಭಾರತದೊಳಗೆ ಹಂಚುವ ಕೆಲಸವನ್ನು 2012ರಿಂದ ಐಆರ್‌ಐಎನ್‌ಎನ್ ಎಂಬ ಸಂಸ್ಥೆ ಮಾಡುತ್ತಿದೆ.

ನಾಲ್ಕು ಕೋಟಿ ವಿಳಾಸದಲ್ಲಿ ಅಷ್ಟು ಜನ ಹೇಗೆ ಬದುಕುತ್ತಾರೆ? ಹಂಚಿಕೊಂಡು. 1996ರ ಒಂದು ದಾಖಲೆ ಮೂರು ಗುಂಪಿನ ವಿಳಾಸಗಳನ್ನು ಖಾಸಗಿ ಬಳಕೆಗೆ ತೆಗೆದಿಟ್ಟಿತು: 10ರಿಂದ ಶುರುವಾಗುವವು, 172.16ರಿಂದ 172.31ರವರೆಗಿನವು, 192.168ರಿಂದ ಶುರುವಾಗುವವು. ಇವನ್ನು ಯಾರು ಬೇಕಾದರೂ ತಮ್ಮ ಮನೆಯೊಳಗೆ ಬಳಸಬಹುದು, ಹೊರಗಿನ ಜಾಲದಲ್ಲಿ ಇವು ನಡೆಯುವುದಿಲ್ಲ. ಲಕ್ಷಾಂತರ ಮನೆಗಳ ರೂಟರುಗಳ ವಿಳಾಸ 192.168.1.1 ಆಗಿದ್ದರೂ ಗೊಂದಲವಾಗದಿರುವುದು ಇದರಿಂದ. ಒಳಗಿನ ಪೊಟ್ಟಣ ಹೊರಗೆ ಹೋಗುವಾಗ ರೂಟರು ಅದರ ಮೇಲಿನ ಖಾಸಗಿ ವಿಳಾಸವನ್ನು ತೆಗೆದು ತನ್ನ ಸಾರ್ವಜನಿಕ ವಿಳಾಸ ಬರೆಯುತ್ತದೆ. ಉತ್ತರ ಬಂದಾಗ ಅದು ಅಪ್ಪನ ಫೋನಿಗೋ ಮಗಳ ಲ್ಯಾಪ್‌ಟಾಪಿಗೋ ಎಂದು ತಿಳಿಯಲು ಪೋರ್ಟ್ ಎಂಬ ಇನ್ನೊಂದು ಸಂಖ್ಯೆಯನ್ನು ಹಚ್ಚಿ ತನ್ನ ಪಟ್ಟಿಯಲ್ಲಿ ಗುರುತು ಹಾಕಿಕೊಂಡಿರುತ್ತದೆ. ಈ ವಿಳಾಸ ಬದಲಾವಣೆಗೆ ನ್ಯಾಟ್ ಎಂದು ಹೆಸರು. ಒಂದು ವಿಳಾಸಕ್ಕೆ ಇರುವ ಪೋರ್ಟ್ ಸಂಖ್ಯೆಗಳು 65,536.

ಮನೆಯ ಮಟ್ಟದ ಈ ಉಪಾಯವೂ ಸಾಲದಾದಾಗ ಕಂಪನಿಗಳು ಇದನ್ನೇ ಊರಿನ ಮಟ್ಟಕ್ಕೆ ಏರಿಸಿದವು. 2012ರಲ್ಲಿ ಇದಕ್ಕೆಂದೇ 100.64ರಿಂದ 100.127ರವರೆಗಿನ ಸುಮಾರು 42 ಲಕ್ಷ ವಿಳಾಸಗಳನ್ನು ಮೀಸಲಿಡಲಾಯಿತು. ಈಗ ಬಸವನಗುಡಿಯ ಮನೆಯೊಂದರ ರೂಟರಿಗೆ ಸಾರ್ವಜನಿಕ ವಿಳಾಸ ಇದ್ದೇ ಇರುತ್ತದೆ ಎನ್ನುವಂತಿಲ್ಲ. ನೂರಾರು ಮನೆಗಳು ಹೊರಗಿನವರಿಗೆ ಒಂದೇ ಸಂಖ್ಯೆಯಾಗಿ ಕಾಣಬಹುದು.

ಇದರಿಂದ ಕೆಲಸ ನಡೆಯುತ್ತದೆ, ಆದರೆ ಅರ್ಧ ಮಾತ್ರ. ಒಳಗಿನವರು ಹೊರಗೆ ಹೋಗಬಹುದು. ಹೊರಗಿನವರು ತಾವಾಗಿ ಒಳಗೆ ಬರಲಾಗದು, ಏಕೆಂದರೆ ರೂಟರಿನ ಪಟ್ಟಿಯಲ್ಲಿ ಅವರಿಗೆ ಗುರುತಿಲ್ಲ. ಊರಿಗೆ ಹೋದಾಗ ಅಂಗಡಿಯ ಸಿಸಿಟಿವಿಯನ್ನು ಫೋನಿನಲ್ಲಿ ನೋಡಬೇಕೆನ್ನುವ ವ್ಯಾಪಾರಿಗೆ ಕಂಪನಿಯವರು ಸ್ಟ್ಯಾಟಿಕ್ ಐಪಿ ತೆಗೆದುಕೊಳ್ಳಿ ಎನ್ನುತ್ತಾರೆ, ಅದಕ್ಕೆ ಬೇರೆ ಶುಲ್ಕ. ಬದಲಾಗದ ಸಾರ್ವಜನಿಕ ವಿಳಾಸ ಕೊಟ್ಟರೆ ಕ್ಯಾಮೆರಾ ಜಗತ್ತಿಗೆಲ್ಲ ಕಾಣುತ್ತದೆ. ಪಾಸ್‌ವರ್ಡ್ ಬದಲಿಸದೆ ಬಿಟ್ಟರೆ ಅಪಾಯ. 2016ರ ಅಕ್ಟೋಬರ್ 21ರಂದು ಅಮೆರಿಕದ ದೊಡ್ಡ ದೊಡ್ಡ ಜಾಲತಾಣಗಳನ್ನು ಗಂಟೆಗಟ್ಟಲೆ ಕೆಡವಿದ ಮಿರಾಯ್ ದಾಳಿಗೆ ಬಳಕೆಯಾದದ್ದು ಇಂಥವೇ ಕ್ಯಾಮೆರಾ ಮತ್ತು ರೂಟರುಗಳು, ಕಾರ್ಖಾನೆಯ ಪಾಸ್‌ವರ್ಡಿನಲ್ಲೇ ಉಳಿದಿದ್ದವು.

ಹೂವಿನ ಅಂಗಡಿಯ ಪಾವತಿ

ಈಗ ಮಲ್ಲಿಗೆ ಕೊಂಡವರ ಫೋನಿಗೆ ಬರೋಣ. ಕ್ಯೂಆರ್ ಕೋಡಿನಲ್ಲಿ ಯಾವ ಐಪಿ ವಿಳಾಸವೂ ಇಲ್ಲ. ಅದರಲ್ಲಿರುವುದು ಅಂಗಡಿಯವರ ಯುಪಿಐ ಹೆಸರು. 2016ರ ಏಪ್ರಿಲ್‌ನಲ್ಲಿ ಶುರುವಾದ ಯುಪಿಐ ವ್ಯವಸ್ಥೆಯಲ್ಲಿ ಆ ಹೆಸರು ಬ್ಯಾಂಕ್ ಖಾತೆಯನ್ನು ಸೂಚಿಸುತ್ತದೆ, ಸಾಧನವನ್ನಲ್ಲ. ಫೋನಿನ ಆ್ಯಪ್‌ಗೆ ತನ್ನ ಸರ್ವರಿನ ಹೆಸರು ಗೊತ್ತು. ಅದರ ಸಂಖ್ಯೆ ಕೇಳಿ ತಿಳಿದು, ಮೊಬೈಲ್ ಡೇಟಾದಲ್ಲಿ ತನಗೆ ಸಿಕ್ಕ ವಿಳಾಸದಿಂದ ಕೋರಿಕೆ ಕಳಿಸುತ್ತದೆ. ಅಲ್ಲಿಂದ ಬ್ಯಾಂಕುಗಳ ನಡುವೆ, ರಾಷ್ಟ್ರೀಯ ಪಾವತಿ ನಿಗಮದ ಯಂತ್ರಗಳ ಮೂಲಕ ಲೆಕ್ಕ ನಡೆಯುತ್ತದೆ.

ಕೊನೆಗೆ ಹೂವಿನವರ ಸೌಂಡ್ ಬಾಕ್ಸಿಗೆ ಸುದ್ದಿ ಮುಟ್ಟಬೇಕು. ಆ ಡಬ್ಬಿಯೊಳಗೆ ಒಂದು ಸಿಮ್ ಇದೆ, ಅದಕ್ಕೂ ಒಂದು ವಿಳಾಸ ಇದೆ. ಆ ವಿಳಾಸ ನ್ಯಾಟ್‌ನ ಒಳಗಿನದಾದರೆ ಸರ್ವರು ತಾನಾಗಿ ಅದನ್ನು ಹುಡುಕಿಕೊಂಡು ಬರಲಾರದು. ಹಾಗಾಗಿ ಬಾಕ್ಸು ಬೆಳಿಗ್ಗೆ ಸ್ವಿಚ್ ಹಾಕಿದ ಕೂಡಲೇ ತಾನೇ ಸರ್ವರಿಗೆ ಸಂಪರ್ಕ ಮಾಡಿ, ತನ್ನ ಕ್ರಮಸಂಖ್ಯೆ ಹೇಳಿ, ಆ ಗೆರೆಯನ್ನು ದಿನವಿಡೀ ತೆರೆದಿಟ್ಟುಕೊಳ್ಳುತ್ತದೆ. ಆಗಾಗ ಸಣ್ಣದೊಂದು ಪೊಟ್ಟಣ ಕಳಿಸಿ ಇನ್ನೂ ಇದ್ದೇನೆ ಎನ್ನುತ್ತದೆ. ಇಲ್ಲದಿದ್ದರೆ ನ್ಯಾಟ್ ಪಟ್ಟಿಯಿಂದ ಅದರ ಗುರುತು ಅಳಿದುಹೋಗುತ್ತದೆ. ಹಣ ಬಂದ ಸುದ್ದಿ ಆ ತೆರೆದ ಗೆರೆಯಲ್ಲೇ ಇಳಿದು ಬರುತ್ತದೆ. ಸಿಗ್ನಲ್ ಹೋಗಿ ಬಂದಾಗ ಬಾಕ್ಸಿಗೆ ಹೊಸ ವಿಳಾಸ ಸಿಕ್ಕಿರಬಹುದು. ಅದು ಮತ್ತೆ ಕರೆ ಮಾಡಿ ಹಳೆಯ ಕ್ರಮಸಂಖ್ಯೆ ಹೇಳಿದರೆ ಸಾಕು. ಹಣ ಸೇರಿದ್ದರೂ ಬಾಕ್ಸು ಸುಮ್ಮನಿದ್ದು, ಗಿರಾಕಿ ಫೋನಿನ ಪರದೆ ತೋರಿಸುತ್ತ ನಿಲ್ಲುವ ಪ್ರಸಂಗಗಳಲ್ಲಿ ಸಾಮಾನ್ಯವಾಗಿ ಕಡಿದಿರುವುದು ಈ ಗೆರೆ. ಪಾವತಿಗೂ ಅದಕ್ಕೂ ಸಂಬಂಧವಿಲ್ಲ.

ಆರನೇ ಆವೃತ್ತಿ

ಕೊರತೆಗೆ ನಿಜವಾದ ಪರಿಹಾರ ಐಪಿವಿ6. 1998ರ ಡಿಸೆಂಬರಿನಲ್ಲಿ ಕರಡು ಮಾನಕವಾಗಿ ಹೊರಬಂದು 2017ರಲ್ಲಿ ಪೂರ್ಣ ಮಾನಕವಾಯಿತು. ಉದ್ದ 128 ಬಿಟ್. ಒಟ್ಟು ವಿಳಾಸಗಳನ್ನು ಬರೆಯಲು 340ರ ಮುಂದೆ 36 ಸೊನ್ನೆ ಬೇಕು. ಬರೆಯುವುದು ಹದಿನಾರರ ಮಾನದಲ್ಲಿ, ನಾಲ್ಕು ನಾಲ್ಕು ಅಂಕಿಗಳ ಎಂಟು ಗುಂಪಾಗಿ, ನಡುವೆ ಎರಡು ಚುಕ್ಕೆ ಇಟ್ಟು. ಏಷ್ಯಾ ಪೆಸಿಫಿಕ್ ಭಾಗದ ಬಹುಪಾಲು ವಿಳಾಸಗಳು 240 ಎಂದು ಶುರುವಾಗುತ್ತವೆ. ಜಿಯೋ ಸಿಮ್ ಇರುವ ಫೋನಿನ ವಿಳಾಸ ನೋಡಿದರೆ 2409, ಏರ್‌ಟೆಲ್ ಆದರೆ 2401 ಎಂದು ಸಾಮಾನ್ಯವಾಗಿ ಕಾಣುತ್ತದೆ. ಒಂದು ಮನೆಯ ಜಾಲಕ್ಕೆ ವಾಡಿಕೆಯಂತೆ 64 ಬಿಟ್‌ಗಳ ಜಾಗ ಸಿಗುತ್ತದೆ. ಹಳೆಯ ಇಡೀ ಅಂತರಜಾಲದ ಜಾಗ 32 ಬಿಟ್ ಮಾತ್ರವಾಗಿತ್ತು. ಇಲ್ಲಿ ಫೋನು ವಿಳಾಸವನ್ನು ಕೇಳಿ ಪಡೆಯಬೇಕಾಗಿಲ್ಲ. ರೂಟರು ಮುನ್ನೆಲೆಯನ್ನು ಸಾರುತ್ತದೆ, ಉಳಿದರ್ಧವನ್ನು ಸಾಧನ ತಾನೇ ಹೊಂದಿಸಿಕೊಳ್ಳುತ್ತದೆ.

ಈ ವಿಷಯದಲ್ಲಿ ಭಾರತ ಜಗತ್ತಿನ ಮುಂಚೂಣಿಯಲ್ಲಿದೆ. ದೂರಸಂಪರ್ಕ ಇಲಾಖೆ 2010ರಲ್ಲಿ ಮಾರ್ಗನಕ್ಷೆ ಹೊರಡಿಸಿತ್ತು, ಆದರೆ ಕೆಲಸ ಓಡಿದ್ದು 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ. ಕೋಟಿಗಟ್ಟಲೆ ಹೊಸ ಫೋನುಗಳಿಗೆ ಹಳೆಯ ವಿಳಾಸ ಕೊಡಲು ಇರಲೇ ಇಲ್ಲ. ಕೊರತೆಯೇ ದಾರಿ ಮಾಡಿತು. ಇಂದು ದೇಶದ ಬಳಕೆದಾರರಲ್ಲಿ ಹತ್ತರಲ್ಲಿ ಏಳಕ್ಕೂ ಹೆಚ್ಚು ಮಂದಿ ಐಪಿವಿ6 ತಲುಪಬಲ್ಲರು. ಹಿಂದೆ ಬಿದ್ದಿರುವುದು ಕಚೇರಿಗಳ ಹಳೆಯ ಜಾಲಗಳು ಮತ್ತು ಎಷ್ಟೋ ಜಾಲತಾಣಗಳು. ಎರಡೂ ಆವೃತ್ತಿಗಳು ಒಂದನ್ನೊಂದು ಅರಿಯಲಾರವು, ಆದ್ದರಿಂದ ನಡುವೆ ಅನುವಾದ ಮಾಡುವ ಯಂತ್ರಗಳನ್ನು ಕಂಪನಿಗಳು ಇಟ್ಟುಕೊಂಡಿವೆ.

ಬೆಂಗಳೂರಿಗೆ ವಿಳಾಸ ಬಂದದ್ದು

ಭಾರತದಲ್ಲಿ ಈ ಸಂಖ್ಯೆಗಳು ಮೊದಲು ಬಂದದ್ದು ವಿದ್ಯಾಸಂಸ್ಥೆಗಳಿಗೆ. 1986ರಲ್ಲಿ ಆರಂಭವಾದ ಎರ್ನೆಟ್ ಯೋಜನೆಯಲ್ಲಿ ಮುಂಬಯಿಯ ಎನ್‌ಸಿಎಸ್‌ಟಿ, ಐದು ಐಐಟಿಗಳು, ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆಗಳ ಜೊತೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಇತ್ತು. 144.16ರಿಂದ ಶುರುವಾಗುವ 65,536 ವಿಳಾಸಗಳು ಎರ್ನೆಟ್‌ಗೆ ಸೇರಿದವು. ವಿಜ್ಞಾನ ಸಂಸ್ಥೆಯ ಗಣಕಗಳಿಗೆ ಅದರಲ್ಲೇ ಪಾಲು. 1985ರಲ್ಲಿ ನಗರಕ್ಕೆ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯೂ ಉಪಗ್ರಹ ಸಂಪರ್ಕ ಹಾಕಿಕೊಂಡಿತು, ಆದರೆ ಅದು ಕಂಪನಿಯೊಳಗಿನ ಖಾಸಗಿ ಗೆರೆ.

ದೇಶದಲ್ಲಿ ಸಾರ್ವಜನಿಕರಿಗೆ ಬಾಗಿಲು ತೆರೆದದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಆಗ ಎರಡು ಬಗೆಯ ಖಾತೆಗಳಿದ್ದವು. ಶೆಲ್ ಖಾತೆ ಅಗ್ಗ, ಅದರಲ್ಲಿ ಪರದೆಯ ಮೇಲೆ ಬರಿಯ ಅಕ್ಷರ. ಟಿಸಿಪಿ ಐಪಿ ಖಾತೆ ದುಬಾರಿ, ಅದರಲ್ಲಿ ಚಿತ್ರಗಳೂ ಬರುತ್ತಿದ್ದವು. ವ್ಯತ್ಯಾಸದ ಮೂಲ ವಿಳಾಸದಲ್ಲೇ ಇತ್ತು. ಶೆಲ್ ಖಾತೆಯವರ ಗಣಕಕ್ಕೆ ಸ್ವಂತ ವಿಳಾಸ ಸಿಗುತ್ತಿರಲಿಲ್ಲ. ಅದು ವಿಎಸ್‌ಎನ್‌ಎಲ್ ಗಣಕದ ದೂರದ ಕೀಲಿಮಣೆಯಾಗಿ ಮಾತ್ರ ಕೆಲಸ ಮಾಡುತ್ತಿತ್ತು. ದುಬಾರಿ ಖಾತೆಯವರಿಗೆ ಫೋನ್ ಕರೆ ಇರುವಷ್ಟು ಹೊತ್ತು ಒಂದು ನಿಜವಾದ ಐಪಿ ವಿಳಾಸ ಸಿಗುತ್ತಿತ್ತು.

ಮುಂದೆ ಬೇರೆ ಇಂಟರ್‌ನೆಟ್ ಕಂಪನಿಗಳೂ ಬಂದಾಗ, ಬೆಂಗಳೂರಿನ ಒಂದು ಕಂಪನಿಯ ಗ್ರಾಹಕರು ಅದೇ ಊರಿನ ಇನ್ನೊಂದು ಕಂಪನಿಯ ಗ್ರಾಹಕರಿಗೆ ಕಳಿಸಿದ ಪೊಟ್ಟಣ ವಿದೇಶಕ್ಕೆ ಹೋಗಿ ಬರಬಹುದಾಗಿತ್ತು, ದೇಶದೊಳಗೆ ಕಂಪನಿಗಳು ಕೂಡುವ ಜಾಗ ಇರಲಿಲ್ಲ. 2003ರಲ್ಲಿ ಸ್ಥಾಪನೆಯಾದ ನಿಕ್ಸಿ ಸಂಸ್ಥೆ ಅಂಥ ಕೂಡುಜಾಗಗಳನ್ನು ಮಾಡಿತು, ಬೆಂಗಳೂರಿನಲ್ಲೂ ಒಂದಿದೆ.

ಹೆಸರುಗಳು

ಸಂಖ್ಯೆಗಳನ್ನು ಯಾರೂ ನೆನಪಿಟ್ಟುಕೊಳ್ಳಲಾರರು. ಆದ್ದರಿಂದ 1983ರಲ್ಲಿ ಪಾಲ್ ಮೊಕಪೆಟ್ರಿಸ್ ಡಿಎನ್‌ಎಸ್ ಎಂಬ ಹೆಸರುಗಳ ವ್ಯವಸ್ಥೆ ರೂಪಿಸಿದರು. ಹೆಸರನ್ನು ಬಲಗಡೆಯಿಂದ ಓದಲಾಗುತ್ತದೆ: ಕರ್ನಾಟಕ ಡಾಟ್ ಗವ್ ಡಾಟ್ ಇನ್ ಎಂದರೆ ಮೊದಲು ಇನ್ ವಿಭಾಗದವರನ್ನು ಕೇಳಬೇಕು, ಅವರು ಗವ್ ಕಡೆ ಬೆರಳು ತೋರಿಸುತ್ತಾರೆ, ಅವರು ಕರ್ನಾಟಕದ ಕಡೆ. ಕೊನೆಗೆ ಸಿಗುವುದು ಒಂದು ಐಪಿ ಸಂಖ್ಯೆ. ಒಮ್ಮೆ ಸಿಕ್ಕಿದ್ದನ್ನು ಕೆಲ ಹೊತ್ತು ನೆನಪಿಟ್ಟುಕೊಳ್ಳುವುದರಿಂದ ಪ್ರತಿ ಸಲ ಈ ಸುತ್ತಾಟ ಬೇಕಾಗುವುದಿಲ್ಲ. ಭಾರತದ ಇನ್ ವಿಭಾಗ 1989ರಲ್ಲಿ ಹುಟ್ಟಿತು, 2005ರಿಂದ ಎಲ್ಲರಿಗೂ ಸಿಗತೊಡಗಿತು.

ಈ ವ್ಯವಸ್ಥೆ ರೋಮನ್ ಲಿಪಿಯದು. 1996ರಲ್ಲಿ ಯು. ಬಿ. ಪವನಜ ಅವರು ಆರಂಭಿಸಿದ ಕನ್ನಡದ ಮೊದಲ ಅಂತರಜಾಲ ಪತ್ರಿಕೆ ವಿಶ್ವಕನ್ನಡದ ವಿಳಾಸವೂ ರೋಮನ್ ಲಿಪಿಯಲ್ಲೇ ಇರಬೇಕಾಯಿತು. ಈಗ ಡಾಟ್ ಭಾರತ ಎಂಬುದನ್ನು ಕನ್ನಡ ಲಿಪಿಯಲ್ಲೇ ಬರೆಯಬಹುದು. ಒಳಗೆ ಮಾತ್ರ ಅದು ಪ್ಯೂನಿಕೋಡ್ ಎಂಬ ವಿಧಾನದಿಂದ ರೋಮನ್ ಅಕ್ಷರಗಳ ಸಾಲಾಗಿ ಬದಲಾಗಿಯೇ ಸಾಗುತ್ತದೆ. ಕನ್ನಡಕ್ಕೆ ಇಲ್ಲಿ ತನ್ನದೇ ತೊಡಕುಗಳಿದ್ದವು. ಕನ್ನಡ ಮತ್ತು ತೆಲುಗಿನ ಅ, ಗ, ರ, ಲದಂಥ ಅಕ್ಷರಗಳು ಕಣ್ಣಿಗೆ ಒಂದೇ, ಗಣಕಕ್ಕೆ ಬೇರೆ ಬೇರೆ ಸಂಕೇತ. ಕನ್ನಡದ ಬ್ಯಾಂಕಿನ ಹೆಸರನ್ನು ತೆಲುಗು ಅಕ್ಷರ ಸೇರಿಸಿ ನಕಲು ಮಾಡಿದರೆ ಗ್ರಾಹಕರಿಗೆ ತಿಳಿಯುವ ಬಗೆಯೇ ಇಲ್ಲ. ಬ್ರಾಹ್ಮಿ ಮೂಲದ ಲಿಪಿಗಳಿಗೆ ನಿಯಮ ರೂಪಿಸಿದ ತಜ್ಞರ ತಂಡ ಇಂಥ ಜೋಡಿಗಳನ್ನು ಗುರುತಿಸಿ, ಒಂದನ್ನು ಕೊಟ್ಟ ಮೇಲೆ ಅದರ ಅವಳಿಯನ್ನು ಬೇರೆಯವರಿಗೆ ಕೊಡದಂತೆ ಮಾಡಿತು. ಇದು ಎಲೆಮರೆಯಲ್ಲಿ ನಡೆದ ಒಳ್ಳೆಯ ಕೆಲಸ. ಇನ್ನೂ ಆಗಬೇಕಿರುವುದು ಬಳಕೆ: ಕನ್ನಡ ಲಿಪಿಯ ಇಮೇಲ್ ವಿಳಾಸ ಬರೆದರೆ ಎಷ್ಟೋ ಅರ್ಜಿ ನಮೂನೆಗಳು ತಪ್ಪು ವಿಳಾಸ ಎಂದು ತಿರಸ್ಕರಿಸುತ್ತವೆ. ಕನ್ನಡದಲ್ಲಿ ವಿಳಾಸ ಬರೆಯುವ ಹಕ್ಕು ಕಾಗದದ ಮೇಲೆ ಇದೆ, ಪರದೆಯ ಮೇಲೆ ಇನ್ನೂ ಪೂರ್ತಿ ಬಂದಿಲ್ಲ.

ವಿಳಾಸ ಮತ್ತು ವ್ಯಕ್ತಿ

ಬೆಂಗಳೂರಿನಲ್ಲಿ ಸೈಬರ್ ಅಪರಾಧಗಳಿಗೆಂದೇ ಪೊಲೀಸ್ ಠಾಣೆ 2001ರಲ್ಲಿ ಶುರುವಾಯಿತು. ಇಂಥ ತನಿಖೆಗಳಲ್ಲಿ ಸಾಮಾನ್ಯವಾಗಿ ಮೊದಲು ಕೈಗೆ ಸಿಗುವ ಸುಳಿವು ಐಪಿ ವಿಳಾಸ. ಜಾಲತಾಣದವರು ಸಂಖ್ಯೆ ಮತ್ತು ಹೊತ್ತು ಹೇಳುತ್ತಾರೆ. ಆ ಹೊತ್ತಿನಲ್ಲಿ ಆ ಸಂಖ್ಯೆ ಯಾವ ಗ್ರಾಹಕರ ಬಳಿ ಇತ್ತೆಂದು ಇಂಟರ್‌ನೆಟ್ ಕಂಪನಿ ಹೇಳುತ್ತದೆ. ಸಂಖ್ಯೆಯೊಂದೇ ಇದ್ದರೆ ಏನೂ ತಿಳಿಯದು, ಏಕೆಂದರೆ ಅದು ಕೈಯಿಂದ ಕೈಗೆ ಹೋಗುತ್ತಿರುತ್ತದೆ.

2007ರಲ್ಲಿ ಆರ್ಕುಟ್ ತಾಣದಲ್ಲಿ ಶಿವಾಜಿ ಮಹಾರಾಜರನ್ನು ಅವಮಾನಿಸಿದ ಬರಹವೊಂದರ ತನಿಖೆಯಲ್ಲಿ ಪುಣೆಯ ಪೊಲೀಸರು ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಉದ್ಯೋಗಿಯನ್ನು ಬಂಧಿಸಿ ಕರೆದೊಯ್ದರು. ಆತನಿಗೂ ಆ ಬರಹಕ್ಕೂ ಯಾವ ಸಂಬಂಧವೂ ಇರಲಿಲ್ಲ. ಆ ಐಪಿ ವಿಳಾಸ ಯಾರ ಬಳಿ ಇತ್ತೆಂದು ಕಂಪನಿ ಕೊಟ್ಟ ಮಾಹಿತಿಯೇ ತಪ್ಪಾಗಿತ್ತು. ನಿಜ ಗೊತ್ತಾಗಿ ಹೊರಬರುವ ಹೊತ್ತಿಗೆ ಆತ ಸುಮಾರು 50 ದಿನ ಜೈಲಿನಲ್ಲಿ ಕಳೆದಿದ್ದ. ಒಂದು ಸಂಖ್ಯೆಯನ್ನು ಮನುಷ್ಯನ ಹೆಸರೆಂದು ಓದಿದ್ದರ ಫಲ ಇದು. ಮನೆಗೆ ಹೋಗಿ ಗಣಕ ಪರೀಕ್ಷಿಸುವ ಮೊದಲೇ, ಬೇರೆ ಸಾಕ್ಷ್ಯ ಕೂಡುವ ಮೊದಲೇ ಕೈಕೋಳ ಹಾಕುವಷ್ಟು ಗಟ್ಟಿಯಾದ ಸಾಕ್ಷ್ಯ ಐಪಿ ವಿಳಾಸ ಎಂದೂ ಆಗಿರಲಿಲ್ಲ, ಇಂದೂ ಅಲ್ಲ.

ಇಂದು ಅದು ಇನ್ನಷ್ಟು ದುರ್ಬಲ. ಸೈಬರ್ ಕೆಫೆಗಳ ಕಾಲದಲ್ಲೇ ಹತ್ತು ಗಣಕಗಳ ಹಿಂದೆ ಒಂದು ವಿಳಾಸ ಇರುತ್ತಿತ್ತು. ಯಾವ ಹೊತ್ತಿಗೆ ಯಾರು ಕೂತಿದ್ದರೆಂದು ಬರೆದಿಡಲು 2011ರ ಕೇಂದ್ರದ ನಿಯಮಗಳು ಹೇಳಿದವು. ಈಗ ಕಂಪನಿಯೇ ಒಂದು ಸಂಖ್ಯೆಯನ್ನು ನೂರಾರು ಜನರಿಗೆ ಹಂಚಿರುವಾಗ ವಿಳಾಸ ಮತ್ತು ದಿನಾಂಕ ಸಾಲವು. ಸೆಕೆಂಡಿನವರೆಗಿನ ಹೊತ್ತು, ಆ ಹೊತ್ತು ಭಾರತದ್ದೋ ಗ್ರೀನಿಚ್ಚಿನದೋ ಎಂಬ ವಿವರ, ಜೊತೆಗೆ ಪೋರ್ಟ್ ಸಂಖ್ಯೆ ಬೇಕೇ ಬೇಕು. ಎರಡು ಗಡಿಯಾರಗಳ ನಡುವಿನ ಐದೂವರೆ ಗಂಟೆಯ ಅಂತರವನ್ನು ಮರೆತರೆ ಸಿಗುವುದು ಇನ್ನೊಂದು ಮನೆ. ಜಾಲತಾಣಗಳಲ್ಲಿ ಬಹಳಷ್ಟು ಪೋರ್ಟ್ ಸಂಖ್ಯೆಯನ್ನು ಬರೆದಿಡುವುದೇ ಇಲ್ಲ.

ಐಪಿವಿ6 ಬಂದ ಮೇಲೆ ಪ್ರತಿ ಸಾಧನಕ್ಕೂ ಬೇರೆ ವಿಳಾಸ ಇರುವುದರಿಂದ ಗುರುತು ಹಿಡಿಯುವುದು ಸುಲಭವಾಗಬೇಕಿತ್ತು. ಆದರೆ ಜಾಹೀರಾತಿನವರು ಬೆನ್ನು ಹತ್ತದಿರಲೆಂದು ಫೋನುಗಳು ವಿಳಾಸದ ಕೊನೆಯರ್ಧವನ್ನು ಆಗಾಗ, ಸಾಮಾನ್ಯವಾಗಿ ದಿನಕ್ಕೊಮ್ಮೆ, ಬದಲಿಸುತ್ತವೆ. ಸ್ವಲ್ಪ ಕಾಲ ನಿಲ್ಲುವುದು ಮೊದಲರ್ಧ. ಅದು ಮನೆಯ ಸಂಪರ್ಕವನ್ನು ತೋರಿಸುತ್ತದೆ, ಮನೆಯೊಳಗೆ ಯಾರು ಎಂದು ತೋರಿಸುವುದಿಲ್ಲ. ಮಹಡಿ ಬಾಡಿಗೆಗೆ ಕೊಟ್ಟು ವೈಫೈ ಪಾಸ್‌ವರ್ಡನ್ನೂ ಕೊಟ್ಟಿರುವ ಬಸವನಗುಡಿಯ ಮನೆಯಲ್ಲಿ ಸಂಪರ್ಕ ಇರುವುದು ಮನೆ ಮಾಲೀಕರ ಹೆಸರಿನಲ್ಲಿ. ಯಾವ ಗ್ರಾಹಕರಿಗೆ ಯಾವಾಗ ಯಾವ ವಿಳಾಸ ಕೊಟ್ಟಿತ್ತೆಂಬ ದಾಖಲೆಯನ್ನು ಕಂಪನಿಗಳು ಒಂದು ವರ್ಷ ಇಡಬೇಕಿತ್ತು. 2021ರ ಡಿಸೆಂಬರಿನಲ್ಲಿ ದೂರಸಂಪರ್ಕ ಇಲಾಖೆ ಅದನ್ನು ಎರಡು ವರ್ಷಕ್ಕೆ ಏರಿಸಿತು.